ಮೇಜಿನ ಮೇಲಿನ ಬಾಹ್ಯಾಕಾಶ ಕದನ: ದೊಡ್ಡ ಮತ್ತು ಸಣ್ಣ ನೌಕೆಗಳನ್ನು ಸರಿತೂಗಿಸುವ ಸಮಗ್ರ ಮಾರ್ಗದರ್ಶಿ

ಕಾರವಾರ, ಅಂಕೋಲಾ, ಶಿರಸಿ ಕಡೆಯಲ್ಲಿ ಮಳೆಗಾಲದ ಸಂಜೆಗಳಲ್ಲಿ ಮೇಜಿನ ಮೇಲೆ ಬಾಹ್ಯಾಕಾಶ ಕದನ ಹೂಡುವವರಲ್ಲಿ ಅನೇಕರು ನಿಯಮಗಳನ್ನು ತಾವೇ ಬರೆದುಕೊಳ್ಳುತ್ತಾರೆ, ಮತ್ತು ಬಹುತೇಕ ಎಲ್ಲರೂ ಒಂದೇ ಜಾಗದಲ್ಲಿ ಎಡವುತ್ತಾರೆ. ಒಂದು ದೊಡ್ಡ ನೌಕೆಯ ಎದುರು ನಾಲ್ಕೈದು ಸಣ್ಣ ನೌಕೆಗಳನ್ನು ನಿಲ್ಲಿಸಿದರೆ, ಒಂದೋ ದೊಡ್ಡದು ಎರಡನೆಯ ಸುತ್ತಿನಲ್ಲೇ ನುಚ್ಚುನೂರಾಗುತ್ತದೆ, ಇಲ್ಲವೇ ಸಣ್ಣವು ಹತ್ತಿರ ಬರುವ ಮೊದಲೇ ಮುಗಿದುಹೋಗುತ್ತವೆ. ಆಗ ಎಲ್ಲರೂ ಮಾಡುವುದು ನೌಕೆಯ ಬೆಲೆಯನ್ನು, ಅಂದರೆ ಪಡೆ ಕಟ್ಟುವಾಗ ಅದಕ್ಕೆ ತೆರಬೇಕಾದ ಪಾಯಿಂಟ್‌ಗಳನ್ನು, ಹತ್ತರಷ್ಟು ಏರಿಸುವುದು ಅಥವಾ ಇಳಿಸುವುದು. ಅದರಿಂದ ಆಟ ಸರಿಯಾಗುವುದಿಲ್ಲ, ಏಕೆಂದರೆ ದೋಷವಿರುವುದು ಬೆಲೆಯಲ್ಲಲ್ಲ, ಕೆಲಸ ಮಾಡಿದ ಕ್ರಮದಲ್ಲಿ. ಬೆಲೆ ಕಟ್ಟುವುದು ಕೊನೆಯ ಕೆಲಸ. ಅದಕ್ಕೂ ಮೊದಲು ಸರದಿ, ಹೊಡೆತ, ಚಲನೆ ಮತ್ತು ಹಾನಿಯ ನಿಯಮಗಳು ಗಟ್ಟಿಯಾಗಿರಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಮುಗಿಸದೆ ಮುಂದಿನದಕ್ಕೆ ಹೋಗಬೇಡಿ.

ಬೇಕಾಗುವ ಸಾಮಗ್ರಿ

ಕನಿಷ್ಠ 120 ಸೆಂಟಿಮೀಟರ್ ಚೌಕದ ಮೇಜು, ಸೆಂಟಿಮೀಟರ್ ಗುರುತುಳ್ಳ ಟೇಪು, ಎರಡು ಬಣ್ಣದ ಆರುಮುಖದ ದಾಳಗಳು ಹನ್ನೆರಡು, ಒಂದು ಕ್ಯಾಲ್ಕ್ಯುಲೇಟರ್ ಮತ್ತು ಗೆರೆ ಎಳೆದ ಒಂದು ನೋಟ್‌ಪುಸ್ತಕ ಸಾಕು. ನೌಕೆಗಳು ಚಂದವಾಗಿರಬೇಕೆಂದಿಲ್ಲ, ಪರೀಕ್ಷೆಯ ಆಟಗಳಿಗೆ ಬಾಟಲಿಯ ಮುಚ್ಚಳವೂ ನಡೆಯುತ್ತದೆ. ಆದರೆ ಪ್ರತಿ ನೌಕೆಯ ಅಡಿಯಲ್ಲಿ ಮುಂದು, ಎಡ, ಬಲ, ಹಿಂದು ಎಂಬ ನಾಲ್ಕು ದಿಕ್ಕುಗಳ ಗೆರೆಯಿರುವ ತಟ್ಟೆ ಇರಲೇಬೇಕು. ಈ ತಟ್ಟೆಗಳನ್ನು ಲ್ಯಾಮಿನೇಟ್ ಮಾಡಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕರಾವಳಿಯ ತೇವಕ್ಕೆ ಬರಿಯ ರಟ್ಟು ಬಾಗುತ್ತದೆ, ಗೆರೆ ಸೊಟ್ಟಗಾಗುತ್ತದೆ, ಮತ್ತೆ ಯಾವ ನೌಕೆ ಯಾರ ಗುರಿಯೊಳಗಿದೆ ಎಂಬ ವಾದ ಮುಗಿಯುವುದಿಲ್ಲ.

ಹಂತ 1: ಅಳತೆಗೋಲಾಗುವ ಸಣ್ಣ ನೌಕೆಯನ್ನು ನಿಗದಿಪಡಿಸಿ

ಮೊದಲು ಒಂದೇ ಒಂದು ಸಣ್ಣ ನೌಕೆಯನ್ನು ರೂಪಿಸಿ, ಮುಂದಿನ ಎಲ್ಲ ಲೆಕ್ಕಕ್ಕೂ ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ. ಈ ಮಾರ್ಗದರ್ಶಿಯ ಉದಾಹರಣೆಯಲ್ಲಿ ಸಣ್ಣ ನೌಕೆ ಪ್ರತಿ ಸುತ್ತಿಗೆ 2 ದಾಳ ಹಾಕುತ್ತದೆ, ಅದರ ಒಡಲು (ಬೀಳುವ ಮೊದಲು ಅದು ತಾಳುವ ಹೊಡೆತಗಳ ಸಂಖ್ಯೆ) 2, ಮತ್ತು ಅದನ್ನು ಹೊಡೆಯಲು ದಾಳದಲ್ಲಿ 5 ಅಥವಾ 6 ಬೀಳಬೇಕು.

ಒಡಲಿನ ಸಂಖ್ಯೆಯನ್ನು ಹಾಗೆಯೇ ಹೋಲಿಸುವುದು ಮೊದಲ ತಪ್ಪು. ಹೊಡೆಯಲು ಕಷ್ಟವಾದ ನೌಕೆಯ ಒಡಲು ಕಾಗದದ ಮೇಲೆ ಕಾಣುವುದಕ್ಕಿಂತ ಹೆಚ್ಚು ಬಾಳುತ್ತದೆ. ಆದ್ದರಿಂದ ಒಡಲನ್ನು "ಇದನ್ನು ಕೆಡವಲು ಸರಾಸರಿ ಎಷ್ಟು ದಾಳ ಬೇಕು" ಎಂದು ಬದಲಿಸಿಕೊಳ್ಳಿ. ನಮ್ಮ ಸಣ್ಣ ನೌಕೆಗೆ ಮೂರು ದಾಳಕ್ಕೆ ಒಂದು ಹೊಡೆತ ತಾಗುತ್ತದೆ. ಒಡಲು 2 ಇರುವುದರಿಂದ 6 ದಾಳ ಬೇಕು. ಈ ಸಂಖ್ಯೆಯನ್ನು ನಾನು ಮುಂದೆ ಬಾಳಿಕೆ ಎಂದು ಕರೆಯುತ್ತೇನೆ. ಅಂದರೆ ನಮ್ಮ ಸಣ್ಣ ನೌಕೆಯ ದಾಳಿ 2, ಬಾಳಿಕೆ 6, ಎರಡರ ಗುಣಲಬ್ಧ 12.

ಹಂತ 2: ಸರದಿ ಮತ್ತು ಗುಂಡಿನ ಕ್ರಮವನ್ನು ಕಟ್ಟಿಹಾಕಿ

ಹೆಚ್ಚಿನವರು ಬಿಟ್ಟುಬಿಡುವ ಹಂತವಿದು, ಮತ್ತು ಅತಿ ಹೆಚ್ಚು ಆಟಗಳು ಕೆಡುವುದೂ ಇಲ್ಲಿಯೇ. "ಒಮ್ಮೆ ನೀನು, ಒಮ್ಮೆ ನಾನು" ಎಂದು ಒಂದೊಂದೇ ನೌಕೆಯನ್ನು ನಡೆಸುವ ಪದ್ಧತಿ ನೋಡಲು ನ್ಯಾಯವಾಗಿದೆ. ಆದರೆ ಒಂದೇ ನೌಕೆಯಿರುವವನು ಮೊದಲ ಸರದಿಯಲ್ಲೇ ತನ್ನ ಕೆಲಸ ಮುಗಿಸಿ ಸುಮ್ಮನೆ ಕೂರಬೇಕಾಗುತ್ತದೆ, ನಾಲ್ಕು ನೌಕೆಗಳಿರುವವನು ಆ ನೌಕೆ ಎಲ್ಲಿ ನಿಂತಿದೆ ಎಂಬುದನ್ನು ನೋಡಿಕೊಂಡು ಉಳಿದ ಮೂರನ್ನು ನಿರಾತಂಕವಾಗಿ ನಡೆಸುತ್ತಾನೆ. ಇದರ ಲಾಭ ಎಷ್ಟೆಂದರೆ ಆಟಗಾರರು ಕೇವಲ ಸರದಿಗಳನ್ನು ಹೆಚ್ಚಿಸಿಕೊಳ್ಳಲು ಕೆಲಸಕ್ಕೆ ಬಾರದ ಅಗ್ಗದ ನೌಕೆಗಳನ್ನು ಕೊಳ್ಳತೊಡಗುತ್ತಾರೆ. ಹಾಗೆ ಆಗತೊಡಗಿದರೆ ಅದೇ ಮೊದಲ ಎಚ್ಚರಿಕೆ.

ನನ್ನ ಸಲಹೆ ಹೀಗಿದೆ. ಚಲನೆಯನ್ನೂ ಗುಂಡನ್ನೂ ಬೇರೆ ಬೇರೆ ಮಾಡಿ. ಚಲನೆಯಲ್ಲಿ ಎರಡೂ ಕಡೆಯ ದೊಡ್ಡ ನೌಕೆಗಳು ಮೊದಲು, ಸಣ್ಣವು ನಂತರ ಚಲಿಸಲಿ. ಚುರುಕಾದದ್ದು ನಿಧಾನವಾದದ್ದನ್ನು ನೋಡಿ ತನ್ನ ಜಾಗ ಆರಿಸಿಕೊಳ್ಳುವುದು ಸಹಜ. ಗುಂಡಿನಲ್ಲಿ ಮಾತ್ರ ಎಲ್ಲರೂ ದಾಳ ಹಾಕಿದ ನಂತರವೇ ಹಾನಿಯನ್ನು ಗುರುತು ಹಾಕಿ, ಅಂದರೆ ಸುತ್ತಿನಲ್ಲಿ ಸಾಯುವ ನೌಕೆಯೂ ಆ ಸುತ್ತಿನ ಗುಂಡು ಹಾರಿಸಿಯೇ ಸಾಯಲಿ. ಸಣ್ಣ ನೌಕೆಗಳಿಗೆ ಚಲನೆಯಲ್ಲಿ ಕೊಟ್ಟ ಅನುಕೂಲ ಸಾಕು, ಗುಂಡಿನಲ್ಲಿ ಮತ್ತೊಂದು ಬೇಡ.

ಮೊದಲ ಗುಂಡಿಗೆ ಎಷ್ಟು ತೂಕವಿದೆ ಎಂಬುದನ್ನು ಲೆಕ್ಕ ಹಾಕಿ ನೋಡಿ. ದೊಡ್ಡ ನೌಕೆ ಸುತ್ತಿಗೆ ಒಂದು ಸಣ್ಣ ನೌಕೆಯನ್ನು ಕೆಡವುತ್ತದೆ ಎಂದಿಟ್ಟುಕೊಳ್ಳೋಣ. ಎಲ್ಲರ ಗುಂಡೂ ಏಕಕಾಲದ್ದಾದರೆ ನಾಲ್ಕು ಸಣ್ಣ ನೌಕೆಗಳು ಸಾಯುವ ಮೊದಲು ಹಾಕುವ ದಾಳಗಳು 8, 6, 4, 2, ಒಟ್ಟು 20. ದೊಡ್ಡ ನೌಕೆ ಮೊದಲು ಹೊಡೆದು ಹಾನಿ ಆಗಲೇ ಜಾರಿಯಾದರೆ ಅವು ಹಾಕುವುದು 6, 4, 2, ಒಟ್ಟು 12 ಮಾತ್ರ. ಯಾವ ನೌಕೆಯ ಯಾವ ಸಂಖ್ಯೆಯೂ ಬದಲಾಗದೆ ಎದುರಾಳಿಯ ಶಕ್ತಿ ಹತ್ತರಲ್ಲಿ ನಾಲ್ಕು ಪಾಲು ಕರಗಿಹೋಯಿತು. ಈ ನಿಯಮವನ್ನು ಆಟದ ನಡುವೆ ಬದಲಿಸಿದರೆ ಹಿಂದಿನ ಎಲ್ಲ ಪರೀಕ್ಷೆಯೂ ವ್ಯರ್ಥವಾಗುತ್ತದೆ.

ಹಂತ 3: ದೊಡ್ಡ ನೌಕೆಯ ಬಲವನ್ನು ಲೆಕ್ಕದಿಂದ ತನ್ನಿ

"ನಾಲ್ಕು ಸಣ್ಣದಕ್ಕೆ ಒಂದು ದೊಡ್ಡದು ಸಮ" ಎಂದಾಗಬೇಕಾದರೆ ಸಣ್ಣ ನೌಕೆಯ ದಾಳಿಯನ್ನೂ ಬಾಳಿಕೆಯನ್ನೂ ನಾಲ್ಕರಿಂದ ಗುಣಿಸುವುದು ಎರಡನೆಯ ದೊಡ್ಡ ತಪ್ಪು. ಹಾಗೆ ಗುಣಿಸಿದರೆ ದೊಡ್ಡ ನೌಕೆ ಸುಲಭವಾಗಿ ಗೆಲ್ಲುತ್ತದೆ, ಏಕೆಂದರೆ ಸಣ್ಣ ನೌಕೆಗಳ ಗುಂಪು ಒಂದೊಂದು ನೌಕೆ ಕಳೆದುಕೊಂಡಾಗಲೂ ಅಷ್ಟಷ್ಟು ದಾಳ ಕಳೆದುಕೊಳ್ಳುತ್ತದೆ, ದೊಡ್ಡದು ಕೊನೆಯ ಉಸಿರಿನವರೆಗೂ ಪೂರ್ತಿ ಬಲದಿಂದ ಹೊಡೆಯುತ್ತದೆ.

ಸರಿಯಾದ ಲೆಕ್ಕ ಗುಣಲಬ್ಧದ್ದು. ದೊಡ್ಡ ನೌಕೆಯ ದಾಳಿ ಮತ್ತು ಬಾಳಿಕೆಯ ಗುಣಲಬ್ಧ, ಸಣ್ಣ ನೌಕೆಯ ಗುಣಲಬ್ಧದ ಎಷ್ಟು ಪಟ್ಟು ಇರಬೇಕೆಂದರೆ: ಎರಡಕ್ಕೆ ಸಮನಾಗಲು 3 ಪಟ್ಟು, ಮೂರಕ್ಕೆ 6, ನಾಲ್ಕಕ್ಕೆ 10, ಐದಕ್ಕೆ 15, ಆರಕ್ಕೆ 21 ಪಟ್ಟು. ಒಂದರಿಂದ ಆ ಸಂಖ್ಯೆಯವರೆಗೆ ಕೂಡುತ್ತಾ ಹೋದರೆ ಇದೇ ಸಿಗುತ್ತದೆ, ಬಾಯಿಪಾಠ ಮಾಡುವ ಅಗತ್ಯವಿಲ್ಲ.

ನಮಗೆ ಬೇಕಾದದ್ದು ನಾಲ್ಕಕ್ಕೆ ಸಮನಾದ ನೌಕೆ; ಆದ್ದರಿಂದ ಗುಣಲಬ್ಧ 120 ಆಗಬೇಕು. ದಾಳಿ 6 ದಾಳ, ಬಾಳಿಕೆ 20 ಎಂದು ಹಂಚೋಣ. 4, 5, 6 ಬಿದ್ದರೆ ಹೊಡೆತ ತಾಗುತ್ತದೆ ಎಂದರೆ ಎರಡು ದಾಳಕ್ಕೆ ಒಂದು ಹೊಡೆತ, ಹಾಗಾಗಿ ಒಡಲು 10. ಸುತ್ತಿಗೆ 6 ದಾಳ ಎಂದರೆ ಸರಾಸರಿ ಒಂದು ಸಣ್ಣ ನೌಕೆ. ನಾಲ್ಕನೆಯ ಸುತ್ತಿನ ಕೊನೆಗೆ ಕೊನೆಯ ಸಣ್ಣ ನೌಕೆಯೂ ದೊಡ್ಡ ನೌಕೆಯೂ ಒಟ್ಟಿಗೆ ಬೀಳುತ್ತವೆ.

ಅದೇ 120ನ್ನು ದಾಳಿ 12, ಬಾಳಿಕೆ 10 ಎಂದೂ ಹಂಚಬಹುದು. ಲೆಕ್ಕ ಸರಿಯಿದ್ದರೂ ಆಟ ಎರಡು ಸುತ್ತಿಗೇ ಮುಗಿಯುತ್ತದೆ. ದೊಡ್ಡ ನೌಕೆ ಕನಿಷ್ಠ ನಾಲ್ಕು ಸುತ್ತು ಬದುಕಿರುವಂತೆ ಹಂಚಿಕೊಳ್ಳಿ, ಇಲ್ಲದಿದ್ದರೆ ಅದರ ಆಟಗಾರನಿಗೆ ಯೋಚಿಸಿ ತೀರ್ಮಾನಿಸಲು ಏನೂ ಉಳಿಯುವುದಿಲ್ಲ.

ಹಂತ 4: ವ್ಯರ್ಥವಾಗುವ ಹೊಡೆತಗಳನ್ನು ಗಮನಿಸಿ

ಮೇಲಿನ ಲೆಕ್ಕ ಸರಾಸರಿಯದ್ದು, ದಾಳಗಳು ಸರಾಸರಿಯಂತೆ ಬೀಳುವುದಿಲ್ಲ. 6 ದಾಳವನ್ನೂ ಒಂದೇ ಸಣ್ಣ ನೌಕೆಯ ಮೇಲೆ ಹಾಕಿದರೆ ನೂರರಲ್ಲಿ ಸುಮಾರು 35 ಸಲ ಅದು ಸಾಯುವುದಿಲ್ಲ. ಸುಮಾರು 32 ಸಲ ಮೂರೋ ಅದಕ್ಕಿಂತ ಹೆಚ್ಚೋ ಹೊಡೆತ ಬಿದ್ದು, ಬೇಕಾದದ್ದಕ್ಕಿಂತ ಹೆಚ್ಚಿನವು ಗಾಳಿಗೆ ಹೋಗುತ್ತವೆ. ದೊಡ್ಡ ನೌಕೆಯ ಮೇಲೆ ಬೀಳುವ ಹೊಡೆತಗಳಲ್ಲಿ ಹೀಗೆ ಪೋಲಾಗುವುದು ಕೊನೆಯ ಸುತ್ತಿನಲ್ಲಿ ಮಾತ್ರ. ಹೀಗಾಗಿ ಲೆಕ್ಕದಲ್ಲಿ ಸಮನಾದ ದೊಡ್ಡ ನೌಕೆ ಮೇಜಿನ ಮೇಲೆ ತುಸು ಸೋಲುತ್ತದೆ.

ಪರಿಹಾರ ಸರಳವಾಗಿದೆ. ದೊಡ್ಡ ನೌಕೆಯ 6 ದಾಳವನ್ನು ತಲಾ 3ರ ಎರಡು ತೋಪುಸಾಲುಗಳಾಗಿ ಒಡೆಯಿರಿ, ಮತ್ತು ಮೊದಲ ಸಾಲಿನ ಫಲ ನೋಡಿದ ನಂತರ ಎರಡನೆಯ ಸಾಲಿನ ಗುರಿಯನ್ನು ಆರಿಸಲು ಬಿಡಿ. ಪೋಲಾಗುವುದು ಕಡಿಮೆಯಾಗುತ್ತದೆ, ಜೊತೆಗೆ ಆಟಗಾರನಿಗೆ ಪ್ರತಿ ಸುತ್ತಿನಲ್ಲೂ ಒಂದು ನಿಜವಾದ ಆಯ್ಕೆ ಸಿಗುತ್ತದೆ.

ಹಂತ 5: ಚಲನೆ ಮತ್ತು ಗುಂಡಿನ ದಿಕ್ಕು

ಕಾರವಾರದ ಬೈತಖೋಲ ಬಂದರಿನ ಬಾಯಲ್ಲಿ ದೊಡ್ಡ ಪರ್ಸಿನ್ ಮೀನುಗಾರಿಕೆ ಬೋಟು ತಿರುಗುವುದನ್ನೂ ಅದರ ಪಕ್ಕದಲ್ಲೇ ಪುಟ್ಟ ಪಾತಿ ದೋಣಿ ಹೊರಳುವುದನ್ನೂ ನೋಡಿದವರಿಗೆ ಈ ಹಂತವನ್ನು ವಿವರಿಸಬೇಕಿಲ್ಲ: ಬೋಟಿಗೆ ತಿರುಗಲು ನೀರು ಬೇಕು, ದೋಣಿಗೆ ಬೇಡ. ಅದೇ ವ್ಯತ್ಯಾಸ ಮೇಜಿನ ಮೇಲೂ ಕಾಣಬೇಕು. ಸಣ್ಣ ನೌಕೆ ಸುತ್ತಿಗೆ 20 ಸೆಂಟಿಮೀಟರ್ ಹೋಗಿ 90 ಡಿಗ್ರಿ ತಿರುಗಲಿ. ದೊಡ್ಡದು 10 ಸೆಂಟಿಮೀಟರ್ ಹೋಗಿ, ಚಲನೆಯ ಕೊನೆಯಲ್ಲಿ ಮಾತ್ರ 45 ಡಿಗ್ರಿ ತಿರುಗಲಿ. ಗುಂಡಿನ ದೂರ ದೊಡ್ಡದಕ್ಕೆ 30, ಸಣ್ಣದಕ್ಕೆ 20 ಸೆಂಟಿಮೀಟರ್ ಇರಲಿ.

ದೊಡ್ಡ ನೌಕೆಗೆ ಸುತ್ತಲೂ ಹೊಡೆಯುವ ತೋಪು ಕೊಡುವುದು ಇಲ್ಲಿನ ಸಾಮಾನ್ಯ ತಪ್ಪು. ಕೊಟ್ಟರೆ ಸಣ್ಣ ನೌಕೆಯ ವೇಗಕ್ಕೆ ಬೆಲೆಯೇ ಇರುವುದಿಲ್ಲ, ಆಟ ದಾಳ ಉರುಳಿಸುವ ಸ್ಪರ್ಧೆಯಾಗುತ್ತದೆ. ಒಂದು ತೋಪುಸಾಲು ಮುಂದು ಮತ್ತು ಎಡಕ್ಕೆ, ಇನ್ನೊಂದು ಮುಂದು ಮತ್ತು ಬಲಕ್ಕೆ ಹೊಡೆಯಲಿ. ಆಗ ಮುಂದಿರುವವನಿಗೆ 6 ದಾಳ, ಪಕ್ಕದಲ್ಲಿರುವವನಿಗೆ 3, ಹಿಂದಿರುವವನಿಗೆ ಏನೂ ಇಲ್ಲ. ಹಿಂದಿನ ಈ ಕುರುಡು ಜಾಗವನ್ನು ಮುಚ್ಚಬೇಡಿ. ಅದನ್ನು ಕಾಯಲು ಜೊತೆಗೆ ಬೆಂಗಾವಲಿನ ಸಣ್ಣ ನೌಕೆಯೊಂದು ಬೇಕಾಗುತ್ತದೆ, ಮತ್ತು ದೊಡ್ಡದೂ ಸಣ್ಣದೂ ಬೆರೆತ ಪಡೆಯನ್ನು ಕಟ್ಟಲು ಆಟಗಾರನಿಗೆ ಅದಕ್ಕಿಂತ ಒಳ್ಳೆಯ ಕಾರಣ ಬೇರೊಂದಿಲ್ಲ.

ಗಮನಿಸಬೇಕಾದ ಅಳತೆ ಒಂದೇ: ಗುಂಡಿನ ದೂರದ ಅಂಚಿನಲ್ಲಿ, ಎದುರಿಗೆ ನಿಂತ ಸಣ್ಣ ನೌಕೆ ದೊಡ್ಡದರ ಹಿಂದಕ್ಕೆ ಬರಲು ಕನಿಷ್ಠ ಎರಡು ಸುತ್ತು ಬೇಕಾಗಬೇಕು. ಒಂದೇ ಸುತ್ತಿನಲ್ಲಿ ಬರುವಂತಿದ್ದರೆ ಸಣ್ಣದರ ವೇಗ ಇಳಿಸಿ. ದೊಡ್ಡದರ ಒಡಲು ಏರಿಸಬೇಡಿ.

ಹಂತ 6: ಹಾನಿಯಾದಾಗ ಏನನ್ನು ಕಳೆದುಕೊಳ್ಳಬೇಕು

ಪೆಟ್ಟು ತಿಂದ ದೊಡ್ಡ ನೌಕೆ ಕುಂಟಬೇಕು ಎಂಬುದು ಎಲ್ಲರ ಆಸೆ, ಅದು ಆಟಕ್ಕೆ ಜೀವ ತುಂಬುವುದೂ ನಿಜ. ಆದರೆ ಅದಕ್ಕೊಂದು ಬೆಲೆಯಿದೆ. ನಮ್ಮ ನೌಕೆ ಒಡಲಿನ ಅರ್ಧ, ಅಂದರೆ 5, ಕಳೆದುಕೊಂಡಾಗ ಒಂದು ತೋಪುಸಾಲನ್ನೂ ಕಳೆದುಕೊಳ್ಳುತ್ತದೆ ಎಂದಿಡಿ. ಸರಾಸರಿಯಂತೆ ನಡೆಸಿ ನೋಡಿದರೆ ಅದು ಮೂರು ಸಣ್ಣ ನೌಕೆಗಳನ್ನು ಮುಗಿಸಿ ಒಡಲಿನಲ್ಲಿ 3 ಉಳಿಸಿಕೊಳ್ಳುತ್ತದೆ. ನಾಲ್ಕು ನೌಕೆಗಳು ಎದುರು ಬಂದರೆ ಒಂದನ್ನು ಉಳಿಸಿ ತಾನು ಬೀಳುತ್ತದೆ. ಒಂದೇ ನಿಯಮದಿಂದ ಅದರ ಬಲ ನಾಲ್ಕರಿಂದ ಮೂರೂವರೆಯ ಆಸುಪಾಸಿಗೆ ಇಳಿಯಿತು.

ಅದರ ಬದಲು ಮೊದಲ ಹಾನಿಯಲ್ಲಿ ವೇಗವನ್ನೋ ತಿರುವನ್ನೋ ಕಳೆಯಿರಿ, ತೋಪನ್ನು ಕೊನೆಗೆ ಮುಟ್ಟಿ. ಮೊದಲ ಪೆಟ್ಟಿನಲ್ಲೇ ತೋಪು ಹೋದರೆ, ಮೊದಲು ಪೆಟ್ಟು ತಿಂದವನು ಮತ್ತೆಂದೂ ಚೇತರಿಸಿಕೊಳ್ಳಲಾರ. ಎರಡನೆಯ ಸುತ್ತಿನಲ್ಲೇ ಯಾರು ಗೆಲ್ಲುತ್ತಾರೆಂದು ಮೇಜಿನ ಸುತ್ತಲಿರುವ ಎಲ್ಲರಿಗೂ ತಿಳಿದುಹೋಗುತ್ತಿದ್ದರೆ ಈ ಹಂತಕ್ಕೆ ಹಿಂತಿರುಗಿ.

ಹಂತ 7: ಸಣ್ಣ ಒಡಲಿನ ದೊಡ್ಡ ಅಸ್ತ್ರ

ಕಾರವಾರದ ಟಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಾಪೆಲ್ ಅನ್ನು ಒಮ್ಮೆ ಸುತ್ತಿ ನೋಡಿ. ನಲವತ್ತು ಮೀಟರ್ ಉದ್ದವೂ ಇಲ್ಲದ ಆ ನೌಕೆಯ ಮೇಲೆ ನಾಲ್ಕು ಕ್ಷಿಪಣಿ ಗೂಡುಗಳಿವೆ. ಇದೇ ಜಾತಿಯ ದೋಣಿಗಳು 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಹೊರಗೆ ಖೈಬರ್ ಎಂಬ ಪಾಕಿಸ್ತಾನದ ಡೆಸ್ಟ್ರಾಯರನ್ನು ಮುಳುಗಿಸಿದವು. ಸಣ್ಣ ಒಡಲಿಗೆ ದೊಡ್ಡ ಪೆಟ್ಟು ಕೊಡುವ ಶಕ್ತಿ ಬಂದರೆ ಗಾತ್ರದ ಲೆಕ್ಕವೇ ತಲೆಕೆಳಗಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆ ದೋಣಿಗಳ ಮಿತಿಯೂ ಅಷ್ಟೇ ಸ್ಪಷ್ಟ: ನಾಲ್ಕು ಕ್ಷಿಪಣಿ ಮುಗಿದ ಮೇಲೆ ಅವುಗಳಿಗೆ ಬಂದರೇ ಗತಿ, ಮತ್ತು ಅವು ಅಂದು ಹೋದದ್ದು ದೊಡ್ಡ ನೌಕೆಗಳ ಬೆಂಗಾವಲಿನಲ್ಲಿ.

ನಿಮ್ಮ ಆಟದಲ್ಲಿ ಕ್ಷಿಪಣಿ ಕೊಡುವುದಾದರೆ ನೌಕೆಗೆ ಒಂದೇ ಕೊಡಿ, ಅದನ್ನು ಬಿಟ್ಟ ಸುತ್ತಿನಲ್ಲಿ ಆ ನೌಕೆ ಬೇರೆ ಗುಂಡು ಹಾರಿಸದಿರಲಿ. 4 ದಾಳದ ಕ್ಷಿಪಣಿ ತೀರಾ ಅಲ್ಪವೆನಿಸಬಹುದು. ಆದರೆ ನಾಲ್ಕು ಸಣ್ಣ ನೌಕೆಗಳೂ ಮೊದಲ ಸುತ್ತಿನಲ್ಲೇ ಅದನ್ನು ಬಿಟ್ಟರೆ 16 ದಾಳ, ಮರುಸುತ್ತಿನಲ್ಲಿ ಉಳಿದ ಮೂರರಿಂದ 6, ಒಟ್ಟು 22. ದೊಡ್ಡ ನೌಕೆ ಎರಡೇ ಸುತ್ತಿಗೆ ಮುಳುಗಿತು. ಮೂರು ನೌಕೆಗಳಾದರೆ 12, 4, 2 ಸೇರಿ 18 ಆಗಿ, ಅದು ಒಡಲಿನಲ್ಲಿ 1 ಉಳಿಸಿಕೊಂಡು ಬದುಕುತ್ತದೆ. ಕ್ಷಿಪಣಿಗೆ 6 ದಾಳ ಕೊಟ್ಟು ನೋಡಿ: ನಾಲ್ಕು ನೌಕೆಗಳು ಒಂದೇ ಸುತ್ತಿನಲ್ಲಿ 24 ದಾಳ ಹಾಕುತ್ತವೆ, ಆಟ ಶುರುವಾಗುವ ಮುನ್ನವೇ ಮುಗಿಯುತ್ತದೆ. ಈ ಒಂದು ಅಸ್ತ್ರದ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ.

ಹಂತ 8: ಈಗ ಬೆಲೆ ಕಟ್ಟಿ

ಸಣ್ಣ ನೌಕೆಗೆ 10 ಪಾಯಿಂಟ್ ಎಂದರೆ ದೊಡ್ಡದಕ್ಕೆ 40 ಎಂದು ಬರೆದು ಪುಸ್ತಕ ಮುಚ್ಚಲು ಮನಸ್ಸಾಗುತ್ತದೆ. ಮುಚ್ಚಬೇಡಿ. ಒಂದಕ್ಕೆ ನಾಲ್ಕು ಸಮನಾದರೆ ಎರಡಕ್ಕೆ ಎಂಟು ಸಮನಾಗುವುದಿಲ್ಲ. ಹಾನಿಯಿಂದ ತೋಪು ಕಳೆಯದ ಎರಡು ದೊಡ್ಡ ನೌಕೆಗಳ ಎದುರು ಎಂಟು ಸಣ್ಣವನ್ನು ಸರಾಸರಿಯಂತೆ ನಡೆಸಿ ನೋಡಿ. ಎರಡನೆಯ ಸುತ್ತಿಗೇ ಒಂದು ದೊಡ್ಡ ನೌಕೆ ಬೀಳುತ್ತದೆ, ಆ ಕಡೆಯ ಗುಂಡು ಅರ್ಧಕ್ಕಿಳಿಯುತ್ತದೆ, ಮತ್ತು ನಾಲ್ಕನೆಯ ಸುತ್ತಿನ ಕೊನೆಗೆ ಎರಡು ಸಣ್ಣ ನೌಕೆಗಳು ಉಳಿದಿರುತ್ತವೆ. ಏಳು ಸಣ್ಣವಾದರೆ ದೊಡ್ಡವುಗಳಲ್ಲಿ ಒಂದು ಕಷ್ಟಪಟ್ಟು ಬದುಕುತ್ತದೆ. ಅಂದರೆ ನಿಜವಾದ ಸಮಬಲ ಏಳು ಮತ್ತು ಎಂಟರ ನಡುವೆ ಎಲ್ಲೋ ಇದೆ.

ಪಡೆ ಬೆಳೆದಂತೆ ದೊಡ್ಡ ನೌಕೆಯ ಬೆಲೆ ಇಳಿಯುತ್ತಲೇ ಹೋಗುತ್ತದೆ. ಎರಡೂ ಕಡೆ ನೌಕೆಗಳು ತುಂಬಿದಾಗ, ಬ್ರಿಟಿಷ್ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1916ರಲ್ಲಿ ಪ್ರಕಟಿಸಿದ ವರ್ಗ ನಿಯಮಕ್ಕೆ ಲೆಕ್ಕ ಹತ್ತಿರವಾಗುತ್ತದೆ: ಪಡೆಯ ಬಲ ನೌಕೆಗಳ ಸಂಖ್ಯೆಯ ವರ್ಗದಂತೆ ಬೆಳೆಯುತ್ತದೆ. ನಮ್ಮ ಗುಣಲಬ್ಧ ಹತ್ತು ಪಟ್ಟು ಇರುವುದರಿಂದ ಹತ್ತರ ವರ್ಗಮೂಲ, ಅಂದರೆ ಸುಮಾರು 3.16, ಅದರ ಕೊನೆಯ ಮಿತಿ. ಒಂಟಿ ಕಾದಾಟದಲ್ಲಿ 40 ಪಾಯಿಂಟ್ ಬಾಳುವ ಅದೇ ನೌಕೆ ದೊಡ್ಡ ಪಡೆಯಲ್ಲಿ 32ರ ಹತ್ತಿರ ಬಾಳುತ್ತದೆ. ಆದ್ದರಿಂದ ನೀವು ಸಾಮಾನ್ಯವಾಗಿ ಎಷ್ಟು ನೌಕೆಗಳಿಟ್ಟು ಆಡುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿ, ಆ ಗಾತ್ರದ ಪಡೆಗೆ ಮಾತ್ರ ಬೆಲೆ ಕಟ್ಟಿ, ನಿಯಮಪುಸ್ತಕದಲ್ಲಿ ಅದನ್ನು ಬರೆದಿಡಿ. ಎಲ್ಲ ಗಾತ್ರಕ್ಕೂ ಹೊಂದುವ ಒಂದೇ ಬೆಲೆ ಎಂಬುದಿಲ್ಲ. ಅದನ್ನು ಹುಡುಕುತ್ತಾ ಕೂತರೆ ಮಳೆಗಾಲವೇ ಮುಗಿಯುತ್ತದೆ.

ಹಂತ 9: ಅಂಕ ಎಣಿಸುವ ಕ್ರಮ

ಕೆಡವಿದ ನೌಕೆಗೆ ಮಾತ್ರ ಅಂಕ ಕೊಟ್ಟರೆ, ಒಡಲಿನಲ್ಲಿ 1 ಉಳಿದ ದೊಡ್ಡ ನೌಕೆ ಮೂಲೆಗೆ ಓಡಿ ಪೂರ್ತಿ ಬೆಲೆಯನ್ನು ಉಳಿಸಿಕೊಳ್ಳುತ್ತದೆ. ಒಡಲು ಅರ್ಧವಾದಾಗ ಅರ್ಧ ಬೆಲೆಯ ಅಂಕ ಎದುರಾಳಿಗೆ ಹೋಗಲಿ. ಜಾಗ ಹಿಡಿಯುವ ಗುರಿಗಳಿದ್ದರೆ ನೌಕೆಗಳನ್ನು ತಲೆಯಂತೆ ಎಣಿಸದೆ, ಅಲ್ಲಿರುವ ನೌಕೆಗಳ ಪಾಯಿಂಟ್ ಕೂಡಿ ನೋಡಿ.

ಹಂತ 10: ಪರೀಕ್ಷೆ

ಒಮ್ಮೆಗೆ ಒಂದೇ ಸಂಖ್ಯೆ ಬದಲಿಸಿ, ಪ್ರತಿ ಬದಲಾವಣೆಯ ನಂತರ ಅದೇ ಇಬ್ಬರು ಪಕ್ಷ ಬದಲಿಸಿಕೊಂಡು ಮತ್ತೊಮ್ಮೆ ಆಡಿ. ಇಲ್ಲವಾದರೆ ನೀವು ಅಳೆಯುತ್ತಿರುವುದು ನೌಕೆಯನ್ನೋ ಆಟಗಾರನ ಜಾಣತನವನ್ನೋ ತಿಳಿಯುವುದಿಲ್ಲ.

ಸೋಲು ಗೆಲುವಿನ ಎಣಿಕೆಯನ್ನು ನಂಬಿ ಅವಸರಪಡಬೇಡಿ. ಪೂರ್ತಿ ಸಮಬಲದ ಆಟದಲ್ಲೂ ಹತ್ತು ಪಂದ್ಯಗಳಲ್ಲಿ ಏಳು ಅಥವಾ ಹೆಚ್ಚು ಒಂದೇ ಕಡೆಗೆ ಬೀಳುವ ಸಂಭವ ಸುಮಾರು ಮೂರರಲ್ಲಿ ಒಂದು. ಒಂಬತ್ತು ಒಂದು ಬಂದರೆ ಮಾತ್ರ ಗಂಭೀರವಾಗಿ ಶಂಕಿಸಿ. ಅದಕ್ಕಿಂತ ಬೇಗ ಸತ್ಯ ಹೇಳುವುದು ಗೆದ್ದವನಲ್ಲಿ ಉಳಿದ ಒಡಲು. ಪ್ರತಿ ಆಟದ ಕೊನೆಗೆ ಅದನ್ನು ನೋಟ್‌ಪುಸ್ತಕದಲ್ಲಿ ಬರೆಯಿರಿ. ಗೆಲುವುಗಳು ಸಮವಾಗಿ ಹಂಚಿಹೋಗಿದ್ದರೂ ಗೆದ್ದವನು ಪ್ರತಿ ಸಲ ಮುಕ್ಕಾಲು ಪಡೆ ಉಳಿಸಿಕೊಳ್ಳುತ್ತಿದ್ದರೆ, ಹಂತ 2ರಲ್ಲೋ 6ರಲ್ಲೋ ದೋಷವಿದೆ.

ಬೆರೆತ ಪಡೆಗಳನ್ನು ಪರೀಕ್ಷಿಸುವ ಮೊದಲು ಅತಿರೇಕಗಳನ್ನು ಪರೀಕ್ಷಿಸಿ: ಬರಿಯ ಸಣ್ಣವು, ಬರಿಯ ದೊಡ್ಡವು, ಇರುವುದರಲ್ಲೇ ಅತ್ಯಂತ ಅಗ್ಗದ ನೌಕೆಯ ರಾಶಿ. 1981ರಲ್ಲಿ ಟ್ರಾವೆಲರ್ ಎಂಬ ಬಾಹ್ಯಾಕಾಶ ಆಟದ ನೌಕಾಪಡೆ ಪಂದ್ಯಾವಳಿಯನ್ನು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಡಗ್ಲಸ್ ಲೆನಾಟ್ ಗೆದ್ದದ್ದು ಇಂಥದೇ ಪಡೆಯಿಂದ. ಯುರಿಸ್ಕೋ ಎಂಬ ಕಂಪ್ಯೂಟರ್ ಪ್ರೋಗ್ರಾಂ ನೆರವಿನಿಂದ ಕಟ್ಟಿದ ಆ ಪಡೆಯಲ್ಲಿ ಬಹುಪಾಲು ನಿಧಾನಗತಿಯ, ದಪ್ಪ ಕವಚದ ಸಣ್ಣ ನೌಕೆಗಳೇ ಇದ್ದವು. 1982ರಲ್ಲಿ ನಿಯಮ ಬದಲಾದ ಮೇಲೂ ಅವರೇ ಗೆದ್ದರು. ನಿಮ್ಮ ಗುಂಪಿನಲ್ಲಿ ಲೆಕ್ಕದಲ್ಲಿ ಅತಿ ಚುರುಕಾದವರಿಗೆ, ನಿಯಮದ ಬಿರುಕು ಹುಡುಕಿ ಅತ್ಯಂತ ಕೆಟ್ಟ ಪಡೆಯನ್ನು ಕಟ್ಟಿ ತರಲು ಹೇಳಿ. ಅದು ಗೆದ್ದರೆ ಬೇಸರಿಸದೆ ಬಿರುಕು ಯಾವ ಹಂತದಲ್ಲಿದೆಯೆಂದು ನೋಡಿ.

ಪರೀಕ್ಷೆಯ ವೇಳೆ ಗಡಿಯಾರವನ್ನೂ ಮೇಜಿನ ಮೇಲಿಡಿ. ಹತ್ತು ಹನ್ನೆರಡು ಸಣ್ಣ ನೌಕೆಗಳನ್ನು ನಡೆಸುವವನ ಚಲನೆ ಎದುರಾಳಿಯದಕ್ಕಿಂತ ಮೂರು ಪಟ್ಟು ಹೊತ್ತು ಹಿಡಿಯುತ್ತಿದ್ದರೆ, ಅಂಕಗಳು ಎಷ್ಟೇ ಸಮನಾಗಿದ್ದರೂ ಆ ಆಟವನ್ನು ಯಾರೂ ಎರಡನೆಯ ಸಲ ಕೇಳುವುದಿಲ್ಲ. ಆಗ ಸಣ್ಣ ನೌಕೆಗಳನ್ನು ಎರಡೆರಡರ ಜೋಡಿಯಾಗಿ, ಒಂದೇ ತಟ್ಟೆಯ ಮೇಲೆ ನಡೆಸಿ. ಜೋಡಿಯ ಒಡಲು 4, ದಾಳಿ 4 ದಾಳ. ಒಡಲಿನಲ್ಲಿ 2 ಕಳೆದಾಗ ದಾಳಿಯೂ 2ಕ್ಕಿಳಿಯಲಿ. ಗುಂಡಿನ ಲೆಕ್ಕ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಆದರೆ ಒಂದನ್ನು ಕೆಡವಿ ಮಿಕ್ಕ ಹೊಡೆತಗಳು ಜೋಡಿಯ ಇನ್ನೊಂದಕ್ಕೆ ತಾಗುವುದರಿಂದ ಪೋಲು ತಪ್ಪಿ ದೊಡ್ಡ ನೌಕೆ ತುಸು ಬಲಗೊಳ್ಳುತ್ತದೆ. ಜೋಡಿ ಕಟ್ಟಿದ ನಂತರ ಹಂತ 8ರ ಬೆಲೆಯನ್ನು ಮತ್ತೊಮ್ಮೆ ನೋಡಬೇಕು.